ಗೋಪಿನಾಥಂಗೆ ನಾಲ್ಕನೆಯ ನರ್ಸ್

ಗೋಪಿನಾಥಂ ಎಂದರೆ ವೀರಪ್ಪನ್ ಹುಟ್ಟಿದ ಊರು ಎಂದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಅದೇ ಊರಿನ ಇನ್ನೊಂದು ಸಂಗತಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅಲ್ಲಿಯ ಜನರ ವಿಶ್ವಾಸ ಗಳಿಸಬೇಕೆಂದು ಹೊರಟಾಗ ಕೈಗೆತ್ತಿಕೊಂಡ ಕೆಲಸಗಳಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸುವುದೂ ಇತ್ತು, ಸಂಚಾರಿ ಚಿಕಿತ್ಸಾಲಯ ನಡೆಸುವುದೂ ಇತ್ತು. ಕಾಡುಗಳ್ಳನ ಊರಿನಲ್ಲಿ ಸರ್ಕಾರದ ಮೇಲೆ ನಂಬಿಕೆ ಹುಟ್ಟಬೇಕಾದರೆ ಮೊದಲು ಜ್ವರಕ್ಕೆ ಮಾತ್ರೆ ಸಿಗಬೇಕು, ಬಸುರಿಯ ನಾಡಿ ಹಿಡಿದು ನೋಡುವವರು ಇರಬೇಕು ಎಂಬುದನ್ನು ಆ ಅಧಿಕಾರಿ ಅರಿತಿದ್ದರು. 1991ರ ನವೆಂಬರ್‌ನಲ್ಲಿ ವೀರಪ್ಪನ್ ಶ್ರೀನಿವಾಸರನ್ನು ಮೋಸದಿಂದ ಕರೆಸಿ ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಕಥೆಯೂ ಮುಗಿಯಿತು. ಅವನ ಬೇಟೆಗೆ ಬಂದಿದ್ದ ವಿಶೇಷ ಕಾರ್ಯಪಡೆಯ (ಎಸ್‌ಟಿಎಫ್) ಶಿಬಿರಗಳು ತೆರವಾದವು, ವರದಿಗಾರರ ಜೀಪುಗಳು ಹಿಂದಿರುಗಿದವು. ಆಮೇಲೆ ಆ ಕಾಡಂಚಿನಲ್ಲಿ ಸರ್ಕಾರ ಎಂದರೆ ಶಾಲೆಯ ಮೇಷ್ಟ್ರು, ಫಾರೆಸ್ಟ್ ಗಾರ್ಡು ಮತ್ತು ನರ್ಸಮ್ಮ.

ಈ ಉಪನ್ಯಾಸ ಆ ನರ್ಸಮ್ಮನ ಕುರಿತದ್ದು. ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯ ಕುರಿತದ್ದಲ್ಲ. ಗೋಪಿನಾಥಂ, ಮಾರ್ಟಳ್ಳಿ, ಹೂಗ್ಯಂ, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳಲ್ಲಿ ಆ ಕೆಲಸ ಮಾಡಿದ, ಮಾಡುತ್ತಿರುವ ಎಲ್ಲರ ಕುರಿತದ್ದು.

ಮೊದಲು ಸ್ಥಳದ ವಿಚಾರ. ಇಡೀ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಾದಾಗ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು, ಆಮೇಲೆ ಕೊಳ್ಳೇಗಾಲದಿಂದ ಒಡೆದು ಹನೂರು ಬೇರೆ ತಾಲ್ಲೂಕಾಯಿತು. ಗೋಪಿನಾಥಂ ಆ ತಾಲ್ಲೂಕಿನ ತುದಿ. ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿ, ಮಾದಪ್ಪನ ಬೆಟ್ಟ ದಾಟಿ, ಪಾಲಾರಿಗೆ ಇಳಿದು, ಮತ್ತೆ ಕಾವೇರಿ ವನ್ಯಧಾಮದ ಒಳಗೆ ಸಾಗಬೇಕು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ತಮಿಳುನಾಡಿನ ಮೆಟ್ಟೂರು ಇದಕ್ಕಿಂತ ಎಷ್ಟೋ ಹತ್ತಿರ. ಊರಿನ ಹೆಚ್ಚಿನ ಮನೆಗಳಲ್ಲಿ ಆಡುವ ಮಾತು ತಮಿಳು. ಬಸುರಿಯ ಕಷ್ಟಸುಖವನ್ನು ತಮಿಳಿನಲ್ಲಿ ಕೇಳಿ, ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದು, ಪೋರ್ಟಲ್‌ಗೆ ಇಂಗ್ಲಿಷಿನಲ್ಲಿ ಏರಿಸುವುದು ಅಲ್ಲಿಯ ದಿನನಿತ್ಯದ ಕೆಲಸ. ಮೂರು ಭಾಷೆಗಳ ಈ ದುಡಿಮೆಗೆ ಯಾವ ಭತ್ಯೆಯೂ ಇಲ್ಲ, ಯಾವ ಅಂಕವೂ ಇಲ್ಲ.

ನರ್ಸುಗಳ ಮನ್ನಣೆಯ ಮಾತು ಬಂದಾಗ ಇತ್ತೀಚಿನ ವರ್ಷಗಳಲ್ಲಿ ಮೊದಲು ಹೇಳುವುದು ಹುದ್ದೆಯ ಹೆಸರು ಬದಲಾದದ್ದನ್ನು. 2016ರಲ್ಲಿ ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳ ಸ್ಟಾಫ್ ನರ್ಸುಗಳನ್ನು ನರ್ಸಿಂಗ್ ಆಫೀಸರ್ ಎಂದು ಕರೆಯಿತು. ಕರ್ನಾಟಕದಲ್ಲೂ ಅವರು ಈಗ ಶುಶ್ರೂಷಾಧಿಕಾರಿಗಳು. ಹಳ್ಳಿಯ ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದವರು, ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನಿಸಿಕೊಂಡಿದ್ದವರು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಾದರು. ಇದನ್ನು ಹಗುರವಾಗಿ ಕಾಣಬಾರದು. ಮೂವತ್ತು ವರ್ಷ ದುಡಿದು ನಿವೃತ್ತಿಯ ದಿನವೂ ‘ಕಿರಿಯ’, ‘ಸಹಾಯಕಿ’ ಎಂದೇ ಆದೇಶ ಪಡೆದವರಿಗೆ ಆ ಪದಗಳು ಕೊಟ್ಟ ನೋವು ಸಣ್ಣದಲ್ಲ. ಆದರೆ ಅಧಿಕಾರಿ ಎಂದಮೇಲೆ ಅಧಿಕಾರ ಎಲ್ಲಿದೆ ಎಂದು ಕೇಳಲೇಬೇಕಾಗುತ್ತದೆ. ಗೋಪಿನಾಥಂನಂಥ ಊರಿನಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಆಕೆಯೇ. ಆ ನಿರ್ಧಾರ ಆಕೆಯದೆಂದು ಒಪ್ಪಿಕೊಂಡು, ಅದಕ್ಕೆ ಬೇಕಾದ ಆಸರೆಯನ್ನು ಕೊಡಲು ವ್ಯವಸ್ಥೆ ಇನ್ನೂ ಹಿಂದೆಮುಂದೆ ನೋಡುತ್ತಿದೆ. ಮನ್ನಣೆಯ ಪ್ರಶ್ನೆಯ ತಿರುಳು ಅಲ್ಲಿದೆ.

ಯಾವ ಬಗೆಯ ನಿರ್ಧಾರಗಳು? ಗುರುವಾರವನ್ನೇ ನೋಡಬಹುದು. ರಾಜ್ಯದಲ್ಲಿ ಗುರುವಾರ ಲಸಿಕೆಯ ದಿನ. ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಲ ಪೆಟ್ಟಿಗೆಯಿಂದ ಲಸಿಕೆಗಳನ್ನು ತೆಗೆದು, ಸುತ್ತ ಐಸ್‌ಪ್ಯಾಕ್ ಇಟ್ಟು, ಕ್ಯಾರಿಯರ್ ಹೆಗಲಿಗೇರಿಸಿ ಹೊರಡಬೇಕು. ಒಳಗಿನ ಶಾಖ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬಿಸಿಜಿ, ದಡಾರ–ರುಬೆಲ್ಲಾ ಲಸಿಕೆಗಳನ್ನು ಒಮ್ಮೆ ದ್ರಾವಣದಲ್ಲಿ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಕಾಡಿನೊಳಗಿನ ಪೋಡಿಗೆ (ಸೋಲಿಗ ಆದಿವಾಸಿಗಳ ಹಾಡಿಗೆ) ನಡೆದು ಹೋದಾಗ ಅಲ್ಲಿರುವುದು ಒಂದೇ ಮಗು. ಒಂದು ಮಗುವಿಗಾಗಿಯೂ ಇಡೀ ಬಾಟಲಿ ತೆರೆಯಿರಿ ಎನ್ನುತ್ತದೆ ನಿಯಮ. ಲಸಿಕೆ ಪೋಲಾಯಿತೇಕೆ ಎಂದು ತಿಂಗಳ ಸಭೆಯಲ್ಲಿ ಕೇಳುತ್ತದೆ ಪಟ್ಟಿ. ಇವೆರಡರ ನಡುವೆ ನಿಂತು ಬಾಟಲಿ ತೆರೆಯುವವರು ನರ್ಸಮ್ಮ. ಮಗುವಿನ ತಾಯಿ ಮುಂದಿನ ಗುರುವಾರ ಎಲ್ಲಿರುತ್ತಾಳೋ, ಕೂಲಿಗೆ ಯಾವ ಊರಿಗೆ ಹೋಗಿರುತ್ತಾಳೋ ಎಂಬುದು ಆಕೆಗೆ ಮಾತ್ರ ಗೊತ್ತು.

ಇನ್ನು ರಾತ್ರಿ. ಹೊಲದಲ್ಲಿ ಕೊಳಕುಮಂಡಲ ಕಚ್ಚಿದೆ ಎಂದು ಒಬ್ಬರನ್ನು ಬೈಕಿನ ನಡುವೆ ಕೂರಿಸಿಕೊಂಡು ತರುತ್ತಾರೆ. ಆಗ ಮಾಡಬೇಕಾದ ಪರೀಕ್ಷೆ ಬಹಳ ಸರಳ. ಒಣಗಿದ, ಶುಭ್ರವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದಿಟ್ಟು, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ವಾಲಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕಿಳಿದಿದೆ. ಪ್ರತಿವಿಷ ಕೊಡಬೇಕು. ಆ ಪ್ರತಿವಿಷವೇ ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ದಿಢೀರನೆ ಕುಸಿಯಬಹುದು, ಉಸಿರು ಕಟ್ಟಬಹುದು. ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು. ವೈದ್ಯರ ಸೂಚನೆ ಬೇಕು, ವೈದ್ಯರು ಸಭೆಗೋ ರಜೆಗೋ ಹೋಗಿದ್ದರೆ ಫೋನ್ ಬೇಕು, ಫೋನಿಗೆ ಸಿಗ್ನಲ್ ಬೇಕು. ಇದು ಯಾವುದೂ ಕೂಡಿಬರದ ರಾತ್ರಿಯಲ್ಲಿ ರೋಗಿಯನ್ನು ಆನೆ ದಾಟುವ ದಾರಿಯಲ್ಲಿ ಹಾಗೆಯೇ ಕಳಿಸುವುದೋ, ಡ್ರಿಪ್ ಹಾಕಿ ಪ್ರತಿವಿಷ ಶುರುಮಾಡಿ ಕಳಿಸುವುದೋ? ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ವರದಿಯ ನಮೂನೆ ತುಂಬುವವರು ಯಾರೆಂದರೆ, ಆ ಗಾಜಿನ ಕೊಳವೆಯನ್ನು ಎದುರಿಗಿಟ್ಟುಕೊಂಡು ಇಪ್ಪತ್ತು ನಿಮಿಷ ಕಾದವರೇ.

ನರ್ಸ್ ನಿರ್ಧಾರ ಮಾಡಬಲ್ಲರು ಎಂದು ಸರ್ಕಾರವೇ ಒಪ್ಪಿದ ಉದಾಹರಣೆಗಳಿವೆ. ಬಸುರಿಗೆ ಬಿ.ಪಿ. ಏರಿ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸನ್ನು ಎಎನ್‌ಎಂ ಮತ್ತು ಸ್ಟಾಫ್ ನರ್ಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದೆಂದು 2010ರ ಹೆರಿಗೆ ಮಾರ್ಗಸೂಚಿ ಹೇಳಿತು. ಹೆರಿಗೆಯಾದೊಡನೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಕೊಡುವುದೂ ಅವರ ಕೆಲಸವೇ. ಫಲ ಕಣ್ಣೆದುರಿಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಾದ ಹೆರಿಗೆ ಶೇ 65ರಷ್ಟು, 2019–21ರಲ್ಲಿ ಶೇ 97. ಹದಿನೈದು ವರ್ಷದಲ್ಲಿ ಇಂಥ ಬದಲಾವಣೆ ತಾನಾಗಿ ಆಗುವುದಿಲ್ಲ. ತಿಂಗಳು ತುಂಬಿದ ಹೆಂಗಸಿನ ಅತ್ತೆಯ ಜೊತೆ ಜಗಲಿಯಲ್ಲಿ ಕೂತು ಮಾತಾಡಿ, ಗಂಡನನ್ನು ಒಪ್ಪಿಸಿ, 108ಕ್ಕೆ ಫೋನ್ ಮಾಡಿ, ಗಾಡಿ ಬಾರದಿದ್ದರೆ ಗೂಡ್ಸ್ ಆಟೋ ಹುಡುಕಿದ ಆಶಾಗಳು ಮತ್ತು ಎಎನ್‌ಎಂಗಳು ಆ ಅಂಕಿಯ ಹಿಂದೆ ಇದ್ದಾರೆ.

ಉಳಿದ ಶೇ 3ರ ಪಾಲು ಯಾವ ಊರುಗಳದ್ದೆಂದು ಊಹಿಸುವುದು ಕಷ್ಟವಲ್ಲ. ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ, ಗಂಡ ಬಿಟ್ಟುಹೋದ ಹೆಣ್ಣು ಕಾಡಿನಲ್ಲಿ ಒಬ್ಬಳೇ ಉಳಿದಾಗ ನೆರವಿಗೆ ಬರುವವನು ಮಾದಪ್ಪ. ಆ ಮಾದಪ್ಪನ ಬೆಟ್ಟದ ಸುತ್ತಲೇ ಇರುವ ದೊಡ್ಡಾಣೆಯಿಂದ 2022ರಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಹೆಂಗಸೊಬ್ಬಳನ್ನು ರಾತ್ರಿ ಡೋಲಿ ಕಟ್ಟಿ ಕಾಡಿನೊಳಗೆ ಹೊತ್ತು ಸಾಗಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಬೆಟ್ಟದ ಸೀಮೆಯ ಇಂಡಿಗನತ್ತದ ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಯಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಅದರ ಹಿಂದಿದ್ದ ಬಹುಕಾಲದ ಕೊರಗು ಮಾತ್ರ ರಸ್ತೆ ಮೊದಲಾದ ಮೂಲಸೌಕರ್ಯದ್ದು. ರಸ್ತೆಯಿಲ್ಲದ ಊರಿನ ತಾಯಿ ಪಡುವ ಕಷ್ಟವನ್ನು ಆ ಊರಿಗೆ ತಿಂಗಳು ತಿಂಗಳೂ ನಡೆದು ಹೋಗಬೇಕಾದ ಆರೋಗ್ಯ ಕಾರ್ಯಕರ್ತೆಯೂ ಪಡುತ್ತಾಳೆ. ಡೋಲಿಯ ಫೋಟೋ ಸುದ್ದಿಯಾಗುತ್ತದೆ. ಆಕೆಯ ನಡಿಗೆ ಸುದ್ದಿಯಾಗುವುದಿಲ್ಲ.

ಈ ಸೀಮೆಯ ಆರೋಗ್ಯ ವ್ಯವಸ್ಥೆಗೆ ಬಂದ ಅತಿ ದೊಡ್ಡ ಪರೀಕ್ಷೆ 2018ರ ಡಿಸೆಂಬರ್ 14ರ ಶುಕ್ರವಾರದ್ದು. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ. ಪ್ರಸಾದದ ಟೊಮೆಟೊ ಬಾತಿಗೆ ಆರ್ಗ್ಯಾನೊಫಾಸ್ಫೇಟ್ ಜಾತಿಯ ಕೀಟನಾಶಕ ಬೆರೆಸಲಾಗಿತ್ತು. ತಿಂದವರು ವಾಂತಿ ಮಾಡುತ್ತ ಬೀಳತೊಡಗಿದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಮೈಸೂರಿನ ಆಸ್ಪತ್ರೆಗಳು ಎಂದು ಗಾಡಿಗಳು ಓಡಿದವು. ಆರ್ಗ್ಯಾನೊಫಾಸ್ಫೇಟ್ ವಿಷಕ್ಕೆ ಚಿಕಿತ್ಸೆ ಎಂದರೆ ಒಂದು ಇಂಜೆಕ್ಷನ್ ಕೊಟ್ಟು ಮುಗಿಸುವಂಥದ್ದಲ್ಲ. ಅಟ್ರೋಪಿನ್ ಕೊಡಬೇಕು, ಕೆಲವು ನಿಮಿಷ ಬಿಟ್ಟು ಎದೆಯ ಸದ್ದು ಕೇಳಬೇಕು, ಕಣ್ಣಿನ ಪಾಪೆ, ಬಾಯಿಯ ಜೊಲ್ಲು, ನಾಡಿಬಡಿತ ನೋಡಬೇಕು, ಸಾಲದಿದ್ದರೆ ಮತ್ತೆ ಕೊಡಬೇಕು. ಬಾಯಿಗೆ ಬಂದ ದ್ರವವನ್ನು ಎಳೆದು ತೆಗೆಯುತ್ತಲೇ ಇರಬೇಕು. ವೆಂಟಿಲೇಟರ್ ಸಾಲದಿದ್ದರೆ ಕೈಯಲ್ಲೇ ಬ್ಯಾಗ್ ಒತ್ತಿ ಉಸಿರು ಕೊಡಬೇಕು, ಬಿಡುವಿಲ್ಲದೆ. ಇದೆಲ್ಲ ಹಾಸಿಗೆಯ ಪಕ್ಕದಲ್ಲಿ ನಿಂತವರ ಕೆಲಸ, ಅಂದರೆ ನರ್ಸಿಂಗ್. ಒಬ್ಬ ರೋಗಿಗೇ ಒಬ್ಬರು ಸಾಲದ ಈ ಆರೈಕೆಯನ್ನು ಏಕಕಾಲಕ್ಕೆ ಹತ್ತಾರು ಜನಕ್ಕೆ ಮಾಡಬೇಕಾಗಿ ಬಂದ ದಿನ ಅದು. ಘಟನೆಯ ಬಗ್ಗೆ ಬರೆದದ್ದರಲ್ಲಿ ವಿಷ ಹಾಕಿದವರ ವಿವರ ಬೇಕಾದಷ್ಟಿದೆ. ಬದುಕಿಸಿದ ಕೈಗಳ ವಿವರ ಹುಡುಕಿದರೂ ಕಡಿಮೆ.

ಸುಮಾರು ಎರಡೂವರೆ ವರ್ಷದ ಬಳಿಕ, ಕೋವಿಡ್ ಹಾವಳಿಯಲ್ಲಿ, 2021ರ ಮೇ 2 ಮತ್ತು 3ರ ನಡುವೆ, ಇದೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ಹೊತ್ತಿನಲ್ಲಿ 24 ರೋಗಿಗಳು ಸತ್ತರು. ಹೈಕೋರ್ಟ್ ಸಮಿತಿ ನೇಮಿಸಿತು, ತನಿಖೆಗಳು ನಡೆದವು. ಆಕ್ಸಿಜನ್ ತರಿಸುವ ಅಧಿಕಾರ ವಾರ್ಡಿನಲ್ಲಿದ್ದ ಯಾವ ನರ್ಸಿಗೂ ಇರಲಿಲ್ಲ. ಹಾಸಿಗೆಯಿಂದ ಹಾಸಿಗೆಗೆ ಹೋಗುವ, ಮನೆಯವರಿಗೆ ಉತ್ತರ ಕೊಡುವ ಹೊಣೆ ಮಾತ್ರ ವಾರ್ಡಿನಲ್ಲಿದ್ದವರದೇ. ಹೊಣೆ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ಬೇಡ.

ಸಂಬಳದ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿಯ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000 ರೂಪಾಯಿಗೆ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಕೊಳ್ಳೇಗಾಲದಂಥ ಪಟ್ಟಣದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗಿಗೆ ಆ ಅಂಕಿ ಈಗಲೂ ದೂರದ ಮಾತು. ಸರ್ಕಾರದ ಕಡೆ ಇನ್ನೊಂದು ಬಗೆಯ ಕೊರತೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲಿರುವವರು, ಬಿಎಸ್‌ಸಿ ನರ್ಸಿಂಗ್ ಓದಿ ಸಮುದಾಯ ಆರೋಗ್ಯಾಧಿಕಾರಿಗಳಾಗಿ ಬಂದವರೂ ಸೇರಿ, ಖಾಯಂ ಮಾಡಿ ಎಂದು 2020ರಲ್ಲೂ 2023ರಲ್ಲೂ ಮುಷ್ಕರ ಹೂಡಿದರು. ಕೋವಿಡ್ ನಡುವೆಯೇ ಮುಷ್ಕರವೇ ಎಂದು 2020ರಲ್ಲಿ ಹಲವರು ಮೂಗು ಮುರಿದರು. ಕೋವಿಡ್ ವಾರ್ಡಿಗೆ ಹೋಗುವಾಗ ಗುತ್ತಿಗೆಯವರು, ಖಾಯಂನವರು ಎಂಬ ಭೇದ ಮಾಡದವರು ವೇತನದ ದಿನ ಮಾತ್ರ ಅದನ್ನು ಏಕೆ ನೆನೆಯುತ್ತಾರೆ?

ಆಶಾಗಳದ್ದು ಇನ್ನೂ ಕೆಳಗಿನ ಮೆಟ್ಟಿಲು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾಗಳಿಗೆ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ನೀಡಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು. ಜಗತ್ತಿನ ಆರೋಗ್ಯ ನಾಯಕಿಯರಿಗೆ ತಾಯ್ನಾಡಿನಲ್ಲಿ ಸಿಗುವುದು ಸಂಬಳವೂ ಅಲ್ಲ, ಗೌರವಧನ.

ಇದೇ ಜಿಲ್ಲೆಯ ಯಳಂದೂರಿನ ಕಡೆ ಬಂದರೆ ಮನಸ್ಸಿಗೆ ಕೊಂಚ ಬಲ ಬರುತ್ತದೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ನಡೆಯುತ್ತಿದೆ. 1986ರಲ್ಲಿ ಕುಷ್ಠರೋಗದ ವಿರುದ್ಧ ಕೆಲಸ ಮಾಡಲು ಕರುಣಾ ಟ್ರಸ್ಟ್ ಹುಟ್ಟಿತು. ಹತ್ತು ವರ್ಷದ ಮೇಲೆ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಆ ಟ್ರಸ್ಟಿನ ಕೈಗೆ ಕೊಟ್ಟಿತು. ಸೋಲಿಗ ಹೆಂಗಸರು ಕುಕ್ಕುರುಗಾಲಲ್ಲಿ ಕೂತು ಹೆರುವ ಪದ್ಧತಿ ತನಗೇ ಪಾಠ ಹೇಳಿತೆಂದು ಸುದರ್ಶನ್ ಹಲವು ಕಡೆ ಹೇಳಿದ್ದಾರೆ. ಕಾಲೇಜು ಕಲಿಸದ್ದನ್ನು ಸೂಲಗಿತ್ತಿಯಿಂದ ಕಲಿತೆ ಎಂದು ಒಬ್ಬ ವೈದ್ಯ ಒಪ್ಪಿಕೊಳ್ಳುವುದೇ ದೊಡ್ಡ ಮನ್ನಣೆ. ಅಲ್ಲಿ ನಡೆದ ಇನ್ನೂ ಮುಖ್ಯವಾದ ಕೆಲಸ, ಆದಿವಾಸಿ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟದ್ದು. ಪೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಆನೆಯ ಜಾಡು ಗೊತ್ತು, ಅಜ್ಜಿಯರ ಮಾತು ಗೊತ್ತು, ಯಾವ ಮನೆಯಲ್ಲಿ ಸಿಕಲ್ ಸೆಲ್ ಕಾಯಿಲೆಯ ಮಗುವಿದೆಯೆಂಬುದೂ ಗೊತ್ತು. ವರ್ಗಾವಣೆಗಾಗಿ ದಿನ ಎಣಿಸುವ ಕಾರಣ ಆಕೆಗಿಲ್ಲ. ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ಇಲ್ಲಿ ಕಲಿತವರು ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದಾರೆ. ಗೋಪಿನಾಥಂನ, ಮಾರ್ಟಳ್ಳಿಯ, ಪೊನ್ನಾಚಿಯ ಹುಡುಗಿಯರಿಗೆ ಅಂಥ ಕಾಲೇಜಿನ ಶುಲ್ಕ ಕಟ್ಟಿ, ಓದು ಮುಗಿದ ಮೇಲೆ ಅವರ ಸೀಮೆಯಲ್ಲೇ ಖಾಯಂ ಹುದ್ದೆ ಕೊಡುವ ಯೋಜನೆ ಬೇಕು. ತಮಿಳೂ ಕನ್ನಡವೂ ಬಲ್ಲ ನರ್ಸುಗಳನ್ನು ಬೇರೆಲ್ಲಿಂದ ತರುವುದು?

ಸುರಕ್ಷತೆಯ ವಿಚಾರದಲ್ಲಿ ಕನ್ನಡ ನಾಡು ಮರೆಯಬಾರದ ಹೆಸರು ಅರುಣಾ ಶಾನಭಾಗ. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯ ಕೆಲಸಗಾರನೊಬ್ಬ ಮೇಲೆರಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರಿಗೆ ಮತ್ತೆ ಅರಿವು ಮರಳಲಿಲ್ಲ. ಆ ನಲವತ್ತೆರಡು ವರ್ಷ ಅದೇ ಆಸ್ಪತ್ರೆಯ ನರ್ಸುಗಳು, ತಲೆಮಾರು ಬದಲಾದರೂ, ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಹಾಸಿಗೆ ಹುಣ್ಣು ಆಗದಂತೆ ಕಾಪಾಡಿದರು. 2011ರ ದಯಾಮರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ನರ್ಸುಗಳ ಸೇವೆಯನ್ನು ಕೊಂಡಾಡಿತು. ಬಟ್ಟೆ ಬದಲಿಸಲು ಒಂದು ಸುರಕ್ಷಿತ ಕೋಣೆ ಇದ್ದಿದ್ದರೆ? ಅರ್ಧ ಶತಮಾನದ ಮೇಲೆ, 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯ ತರುಣ ವೈದ್ಯೆಯ ಹತ್ಯೆಯಾದ ಬಳಿಕ ಸುಪ್ರೀಂ ಕೋರ್ಟ್ ನೇಮಿಸಿದ ಕಾರ್ಯಪಡೆಯ ಮುಂದಿದ್ದ ವಿಷಯಗಳಲ್ಲಿ ವಿಶ್ರಾಂತಿ ಕೋಣೆ, ಬೆಳಕು, ರಾತ್ರಿ ಸಾರಿಗೆಗಳೇ ಇದ್ದವು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುವ ಕಾಯ್ದೆ ಕರ್ನಾಟಕದಲ್ಲಿ 2009ರಲ್ಲೇ ಬಂದಿದೆ. ಕಾಡಂಚಿನ ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕುಡಿದು ಬಂದು ಬಾಗಿಲು ಬಡಿಯುವವನೆದುರು ಆ ಕಾಯ್ದೆಗಿಂತ ಗಟ್ಟಿ ಚಿಲಕ, ಜೊತೆಗೊಬ್ಬರು ಹೆಚ್ಚು ನೆರವಾಗುತ್ತಾರೆ.

ಈ ‘ಜೊತೆಗೊಬ್ಬರು’ ಎಂಬುದನ್ನು ಲೆಕ್ಕದಲ್ಲೇ ನೋಡಬೇಕು. ದಿನದ 24 ಗಂಟೆ ತೆರೆದಿರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ಸ್ಟಾಫ್ ನರ್ಸುಗಳು ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಆರಂಭದಿಂದ ಬಂದ ಅಳತೆ. ವಾರಕ್ಕೆ 168 ಗಂಟೆ. ಮೂವರಿಗೆ ಹಂಚಿದರೆ ತಲಾ 56. ಕಾರ್ಖಾನೆಯ ಕಾರ್ಮಿಕರಿಗೆ ಕಾನೂನು ಇಟ್ಟಿರುವ ಮಿತಿ 48. ಮೂವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದರೆ, ಅಥವಾ ಆ ಹುದ್ದೆ ಖಾಲಿಯಿದ್ದರೆ, ಉಳಿದಿಬ್ಬರಿಗೆ 84. ಅದೂ ಒಂದು ಪಾಳಿಯಲ್ಲಿ ಒಬ್ಬರೇ ಇದ್ದಾಗಿನ ಲೆಕ್ಕ. ಹೆರಿಗೆ ಕೋಣೆಯಲ್ಲಿ ಮಗು ಬರುವ ಹೊತ್ತಿಗೇ ಹೊರಗೆ ಹಾವು ಕಚ್ಚಿದವರು ಬಂದರೆ ಯಾರ ಬಳಿ ಇರುವುದು? ನಾಲ್ಕನೆಯವರು ಬಂದರೆ ತಲಾ 42 ಗಂಟೆಯಾಗುತ್ತದೆ, ಮನುಷ್ಯರು ತಾಳಿಕೊಳ್ಳುವ ಮಟ್ಟಕ್ಕೆ ಬರುತ್ತದೆ. ಕಾಡಂಚಿನ ಕೇಂದ್ರಗಳಿಗೆ ಜನಸಂಖ್ಯೆಯ ಅಳತೆಯನ್ನು ಸಡಿಲಿಸುವ ತತ್ವ ಸರ್ಕಾರಕ್ಕೆ ಹೊಸದೇನೂ ಅಲ್ಲ. ಬಯಲಲ್ಲಿ 5,000 ಜನಕ್ಕೊಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ, ಬುಡಕಟ್ಟು ಪ್ರದೇಶದಲ್ಲಿ 3,000ಕ್ಕೆ ಒಂದು. ಅದೇ ನ್ಯಾಯವನ್ನು ನರ್ಸುಗಳ ಪಾಳಿಗೂ ಅನ್ವಯಿಸಬಹುದು.

ಇದರ ಜೊತೆಗೆ ಕೇಳಬೇಕಾದದ್ದು ದೊಡ್ಡ ಮೊತ್ತದ್ದೇನಲ್ಲ. ನೀರು ಬರುವ, ಬಾಗಿಲು ಭದ್ರವಾಗಿರುವ ಕ್ವಾರ್ಟರ್ಸ್. ಕಾಡಂಚಿನ ಸೇವೆಗೆ ಭತ್ಯೆ, ಮುಂದಿನ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಮೊದಲ ಆಯ್ಕೆ. ಹಾವು ಕಡಿತ, ತೀವ್ರ ರಕ್ತಸ್ರಾವದಂಥ ಸಂದರ್ಭಗಳಲ್ಲಿ ವೈದ್ಯರು ಸಿಗದಿದ್ದರೆ ನರ್ಸ್ ಏನೇನು ಆರಂಭಿಸಬಹುದೆಂದು ಮೆಗ್ನೀಸಿಯಂ ಸಲ್ಫೇಟಿನ ಹಾಗೆಯೇ ಬರೆದುಕೊಟ್ಟ ಆದೇಶ, ಅದಕ್ಕೆ ತಕ್ಕ ತರಬೇತಿ, ಆ ಆದೇಶದಂತೆ ನಡೆದವರಿಗೆ ಇಲಾಖೆಯ ರಕ್ಷಣೆ. ಮತ್ತೊಂದು, ರೆಫರಲ್ ಚೀಟಿಗೆ ಮರುತ್ತರ. ಗೋಪಿನಾಥಂನಿಂದ ಕಳಿಸಿದ ರೋಗಿ ಕೊಳ್ಳೇಗಾಲ ದಾಟಿ ಮೈಸೂರು ಸೇರಿದ ಮೇಲೆ ಏನಾದರೆಂದು ಕಳಿಸಿದವರಿಗೆ ತಿಳಿಸುವ ಪದ್ಧತಿ ಕಾಗದದಲ್ಲಿದೆ, ಬಳಕೆಯಲ್ಲಿ ಕಾಣುವುದು ಅಪರೂಪ. ತನ್ನ ನಿರ್ಧಾರ ಸರಿಯಾಗಿತ್ತೇ, ಇನ್ನೂ ಅರ್ಧ ಗಂಟೆ ಮೊದಲೇ ಕಳಿಸಬೇಕಿತ್ತೇ ಎಂದು ತಿಳಿಯದೆ ಯಾವ ವೃತ್ತಿಯವರೂ ಬೆಳೆಯಲಾರರು. ದೊಡ್ಡಾಸ್ಪತ್ರೆಯ ವೈದ್ಯರು ಆ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು ಬರೆದು, ಕಳಿಸಿದ ನರ್ಸಿನ ಹೆಸರಿಗೇ ವಾಪಸು ಕಳಿಸುವ ಪದ್ಧತಿಯನ್ನು ಚಾಮರಾಜನಗರ ಜಿಲ್ಲೆ ಈ ವರ್ಷವೇ ಆರಂಭಿಸಬಹುದು. ಅದಕ್ಕೆ ಬಜೆಟ್ ಬೇಕಾಗಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು. ನಾಲ್ಕನೆಯ ನರ್ಸಿಗೆ ಮಾತ್ರ ಬಜೆಟ್ ಬೇಕು, ಅದನ್ನು ವಿಧಾನಸಭೆಯಲ್ಲಿ ಕೇಳಬೇಕಾದವರು ಹನೂರು, ಕೊಳ್ಳೇಗಾಲ ಕ್ಷೇತ್ರಗಳಿಂದ ಗೆದ್ದುಹೋದವರು.